ಟೇಬಲ್ಲಿನಲ್ಲಿ ಎರಡು ಸಲ ಫಸ್ಟು, ಶೀಲ್ಡ್ ಮಾತ್ರ ಇಲ್ಲ

ಹಾ ಪುಟ್ಟಾ, ನಿನ್ನ ಮೆಸೇಜು ನೋಡಿದೆ. ಟೈಪ್ ಮಾಡ್ತಾ ಕೂತ್ರೆ ಬೆಳಗಾಗತ್ತೆ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಗ್ರೂಪಲ್ಲಿ ಫುಟ್‌ಬಾಲ್ ಬೇಡ ಅನ್ನೋರು ಇದನ್ನ ಬಿಟ್ಟು ಮುಂದೆ ಹೋಗಿ, ನನಗೇನೂ ಬೇಜಾರಿಲ್ಲ.

ನಿನ್ನ ತಕರಾರು ಎರಡು. 2018-19ರ ಐಎಸ್‌ಎಲ್‌ನಲ್ಲಿ, ಅಂದ್ರೆ ಇಂಡಿಯನ್ ಸೂಪರ್ ಲೀಗಲ್ಲಿ, ನಮ್ಮ ಬೆಂಗಳೂರು ಎಫ್‌ಸಿಗೂ (ಬಿಎಫ್‌ಸಿ) 34 ಪಾಯಿಂಟು, ಗೋವಾಕ್ಕೂ 34. ಗೋಲ್ ಡಿಫರೆನ್ಸು, ಅಂದ್ರೆ ಹೊಡೆದ ಗೋಲಲ್ಲಿ ತಿಂದ ಗೋಲು ಕಳೆದು ಉಳಿಯೋದು, ಗೋವಾದ್ದು 16, ನಮ್ಮದು ಬರೀ 7. ಹಾಗಿದ್ಮೇಲೆ ಬಿಎಫ್‌ಸಿ ಮೇಲೆ ಹೇಗೆ ಬಂತು ಅನ್ನೋದು ಒಂದು. ಎರಡನೇದು, ಬಿಎಫ್‌ಸಿ ಮೊನ್ನೆ ಮೊನ್ನೆ ಹುಟ್ಟಿದ ಕ್ಲಬ್ಬು, 1889ರ ಕೋಲ್ಕತ್ತಾ ಕ್ಲಬ್ಬು ಮೋಹನ್ ಬಗಾನ್ ಮುಂದೆ ಅದಕ್ಕೆಂಥ ಚರಿತ್ರೆ ಅನ್ನೋದು. ಕೋಲ್ಕತ್ತಾದ ನೀರು ಕುಡಿದ ಮೇಲೆ ಮಾತು ಜೋರಾಗಿದೆ, ಇರಲಿ.

ಮೊದಲನೇದು ಸುಲಭ ಕಣೋ. ಇಂಗ್ಲೆಂಡಿನ ಪ್ರೀಮಿಯರ್ ಲೀಗಲ್ಲಿ ಪಾಯಿಂಟು ಸಮ ಆದ್ರೆ ಮೊದಲು ಗೋಲ್ ಡಿಫರೆನ್ಸ್ ನೋಡ್ತಾರೆ. ಇಲ್ಲಿ ಆಗ ಹಾಗಿರಲಿಲ್ಲ, ಆ ಎರಡು ತಂಡ ತಮ್ಮ ತಮ್ಮಲ್ಲೇ ಆಡಿದಾಗ ಏನಾಯ್ತು ಅಂತ ಮೊದಲು ನೋಡ್ತಿದ್ರು. ನಮ್ಮೋರು ಗೋವಾಗೇ ಹೋಗಿ 2-1ರಲ್ಲಿ ಗೆದ್ದು ಬಂದ್ರು, ಕಂಠೀರವದಲ್ಲಿ 3-0. ಮಿಕ್ಕವರಿಗೆ ಎಷ್ಟು ಗೋಲು ಬಾರಿಸಿದ್ರೇನು, ಪಕ್ಕದಲ್ಲಿ ನಿಂತವನ ಕೈಲಿ ಎರಡು ಸಲಾನೂ ಸೋತು ಅವನಿಗಿಂತ ಮೇಲೆ ಕೂರ್ತೀನಿ ಅಂದ್ರೆ ನಡೆಯಲ್ಲ. ಆಮೇಲೆ ಮುಂಬೈಯಲ್ಲಿ ಫೈನಲ್, ಮತ್ತೆ ಇವೇ ಎರಡು ತಂಡ. ತೊಂಬತ್ತು ನಿಮಿಷ ಮುಗಿದ್ರೂ 0-0. ಎಕ್ಸ್‌ಟ್ರಾ ಟೈಮ್ ಮುಗಿಯೋಕೆ ಇನ್ನೇನು ಮೂರು ನಿಮಿಷ ಅನ್ನುವಾಗ ಕಾರ್ನರಿಂದ ಬಂದ ಬಾಲಿಗೆ ನಮ್ಮ ರಾಹುಲ್ ಭೆಕೆ ತಲೆ ಕೊಟ್ಟ. ಕಪ್ಪು ಬೆಂಗಳೂರಿಗೆ.

ನನ್ನ ಹೊಟ್ಟೆ ಉರಿಯೋದು ಅದರ ಹಿಂದಿನ ವರ್ಷಕ್ಕೆ. 2017-18, ಐಎಸ್‌ಎಲ್‌ಗೆ ಬಿಎಫ್‌ಸಿ ಬಂದ ಮೊದಲನೇ ಸೀಸನ್ನು. 40 ಪಾಯಿಂಟು ತಗೊಂಡು ಟೇಬಲ್ಲಿನ ತುದೀಲಿ, ಎರಡನೇ ಚೆನ್ನೈಯಿನ್‌ಗೆ 32. ಬೇರೆ ದೇಶದಲ್ಲಾಗಿದ್ರೆ ಅಲ್ಲೇ ಪಟಾಕಿ ಹೊಡೆದು ಮನೆಗೆ ಹೋಗ್ತಿದ್ರು. ಇಲ್ಲಿ ಪ್ಲೇಆಫ್ ಇತ್ತಲ್ಲ, ಟೇಬಲ್ಲಿನಲ್ಲಿ ಮೇಲಿದ್ದ ತಂಡಗಳು ಕಪ್ಪಿಗೆ ಮತ್ತೆ ಆಡ್ಬೇಕಿತ್ತು! ಕಂಠೀರವದಲ್ಲೇ ಫೈನಲ್. ಒಂಬತ್ತನೇ ನಿಮಿಷಕ್ಕೆ ನಮ್ಮ ಸುನಿಲ್ ಛೆಟ್ರಿ ಗೋಲು, ಸ್ಟೇಡಿಯಂ ಕುಣೀತು. ಆಮೇಲೆ ಚೆನ್ನೈಯಿನ್ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಕಾರ್ನರಿಗೆ ಎದ್ದು ಎದ್ದು ಎರಡು ಹೆಡರ್. ಕೊನೆಗೆ 3-2ರಲ್ಲಿ ಸೋಲು. ಎಂಟು ಪಾಯಿಂಟು ಮುಂದಿದ್ದ ತಂಡದ ಕೈಗೆ ಏನೂ ಬರಲಿಲ್ಲ. ಟೇಬಲ್ಲಿನಲ್ಲಿ ಫಸ್ಟ್ ಬಂದವರಿಗೆ ಅಂತ ಲೀಗ್ ಶೀಲ್ಡ್ ಕೊಡೋಕೆ ಶುರು ಮಾಡಿದ್ದು 2019-20ರಲ್ಲಿ, ಮೊದಲು ತಗೊಂಡಿದ್ದು ಅದೇ ಗೋವಾ! ಸತತ ಎರಡು ವರ್ಷ ಫಸ್ಟ್ ಬಂದವರಿಗೆ ಇಲ್ಲ, ಅದರ ಮರುವರ್ಷದಿಂದ ಇದೆ. ಇದಕ್ಕೇನು ಹೇಳ್ತೀಯಪ್ಪಾ?

ನಿನ್ನ ಬಗಾನ್ ಕೂಡ ನಮಗೆ ಕಮ್ಮಿ ಗಾಯ ಮಾಡಿಲ್ಲ. 2015ರ ಮೇ 31, ಐಎಸ್‌ಎಲ್‌ಗೆ ಬರೋ ಮುಂಚೆ ನಾವು ಆಡ್ತಿದ್ದ ಐ-ಲೀಗಿನ ಕೊನೇ ದಿನ, ಕಂಠೀರವ. ಅವರಿಗೆ 38 ಪಾಯಿಂಟು, ನಮಗೆ 36. ಗೆದ್ರೆ ನಾವು 39 ಆಗಿ ಚಾಂಪಿಯನ್, ಡ್ರಾ ಆದ್ರೆ ಅವರು. ಜಾನ್ ಜಾನ್ಸನ್ ಗೋಲಿನಿಂದ ನಾವು 1-0 ಮುಂದೆ. 87ನೇ ನಿಮಿಷ, ಕಾರ್ನರ್, ಬೆಲ್ಲೋ ರಜಾಕ್ ಹೆಡರ್. ಮುಗೀತು. ಆ ಒಂದು ಗೋಲಿಗೆ ಟೇಬಲ್ಲೇ ತಲೆಕೆಳಗು. ಮುಂದಿನ ವರ್ಷ ನಾವು ಮತ್ತೆ ಚಾಂಪಿಯನ್ ಆದ್ವಿ ಅನ್ನು. 2025ರ ಏಪ್ರಿಲಲ್ಲಿ ನಿಮ್ಮ ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಐಎಸ್‌ಎಲ್ ಫೈನಲ್ಲನ್ನ ಬಗಾನ್‌ಗೆ ಎಕ್ಸ್‌ಟ್ರಾ ಟೈಮಲ್ಲಿ 2-1 ಸೋತಿದ್ದನ್ನ ನೀನೇ ಸ್ಟೇಟಸ್ ಹಾಕಿದ್ದೀಯ, ನಾನು ಹೇಳೋದೇನಿದೆ.

ಇನ್ನು ಚರಿತ್ರೆ. ಕ್ಲಬ್ಬು 2013ರದ್ದು, ಒಪ್ಪಿದೆ. ಆಡಿದ ಮೊದಲ ಸೀಸನ್ನಲ್ಲೇ ಐ-ಲೀಗ್ ಗೆದ್ದದ್ದು, 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್‌ಗೆ ದೋಹಾಕ್ಕೆ ಹೋಗಿದ್ದು, ಭಾರತದ ಬೇರೆ ಯಾವ ಕ್ಲಬ್ಬೂ ಅಲ್ಲೀವರೆಗೆ ಆ ಫೈನಲ್ ಆಡಿರಲಿಲ್ಲ, ಇವೆಲ್ಲ ಬಿಡು. ಊರಿನ ಫುಟ್‌ಬಾಲಿಗೆ ವಯಸ್ಸೆಷ್ಟು ಅಂತ ನೋಡು. ಬಾಂಬೆಯ ಹಳೇ ಟೂರ್ನಿ ರೋವರ್ಸ್ ಕಪ್ ಮೊದಲೆಲ್ಲ ಬ್ರಿಟಿಷ್ ಪಲ್ಟನ್‌ಗಳ ಪಾಲಾಗ್ತಿತ್ತು. 1937ರಲ್ಲಿ ಅದನ್ನ ಗೆದ್ದ ಮೊದಲ ಭಾರತೀಯ ಸಿವಿಲಿಯನ್ ತಂಡ ಬೆಂಗಳೂರು ಮುಸ್ಲಿಮ್ಸ್, ಮರುವರ್ಷವೂ ಅವರೇ. ಮೈಸೂರು ಸಂಸ್ಥಾನ, ಆಮೇಲೆ ರಾಜ್ಯ, ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದದ್ದು ನಾಲ್ಕು ಸಲ, ನಾಲ್ಕೂ ಸಲ ಫೈನಲಲ್ಲಿ ಸೋತದ್ದು ಬಂಗಾಳ. 1968-69 ಆದ ಮೇಲೆ 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನ ಸೋಲಿಸೋವರೆಗೆ ಮಾತ್ರ ಬರಗಾಲ. ಹಲಸೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ, ಬೀದಿಯವರೇ ನಿಲ್ಲಿಸಿದ್ದು. ಹುಡುಗರು ಇದ್ರು, ಆಟ ಇತ್ತು, ಅವರನ್ನ ಇಲ್ಲೇ ಹಿಡಿದಿಡೋ ದುಡ್ಡಿನ ಕ್ಲಬ್ಬು ಇರಲಿಲ್ಲ. ಹಾಗಾಗಿ ಚೆನ್ನಾಗಿ ಆಡೋರೆಲ್ಲ ಕೋಲ್ಕತ್ತಾ ರೈಲು ಹತ್ತಿದ್ರು. ನಿಮ್ಮ ಆಫೀಸಲ್ಲಿ ಕೋಲ್ಕತ್ತಾದ ಇನ್ನೊಂದು ಕ್ಲಬ್ಬು ಈಸ್ಟ್ ಬೆಂಗಾಲ್ ಕಡೆಯ ಹಿರಿಯರು ಯಾರಾದ್ರೂ ಇದ್ರೆ ಕೇಳು, ಪಂಚಪಾಂಡವರು ಅಂತ ಹೆಸರಾದ ಅವರ ಐದು ಫಾರ್ವರ್ಡ್‌ಗಳಲ್ಲಿ ಒಬ್ಬರಾದ ಅಹ್ಮದ್ ಖಾನ್ ಯಾವೂರಿನವರು ಅಂತ. ಉತ್ತರಾನ ಈ ಗ್ರೂಪಿಗೇ ಹಾಕು.