ಗೋವಿನಜೋಳದ ಪಿಷ್ಟದ ಪ್ಯಾಕಿಂಗ್ ಹಾಳೆ: ತೇವಕ್ಕೆ ಏನು ಮಾಡೋದು?

ದ್ರಾಕ್ಷಿ_ಊರು, ವಿಜಯಪುರ:
ಮಣೂಕ (ಒಣದ್ರಾಕ್ಷಿ) ತುಂಬಲು ಪ್ಲಾಸ್ಟಿಕ್ ಬದಲು ಪಿಷ್ಟದ ಹಾಳೆ ಮಾಡೋದು ನನ್ನ ಎಂ.ಎಸ್ಸಿ. ಪ್ರಾಜೆಕ್ಟ್. ಪಿಷ್ಟ, ನೀರು, ಗ್ಲಿಸರಿನ್ ಕಾಸಿ, ತಟ್ಟೆಗೆ ಸುರಿದು ಒಣಗಿಸಿದರೆ ಹಾಳೆ ಚೆನ್ನಾಗಿಯೇ ಬರುತ್ತದೆ, ಆದರೆ ನಮ್ಮ ಬೇಸಿಗೆಗೆ ಪಟ್ ಅಂತ ಒಡೆಯುತ್ತದೆ, ಮಳೆ ಶುರುವಾದರೆ ಅಂಟಂಟು. ನ್ಯಾನೋ ಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ, ಹಾಕು ಅಂತಾರೆ. ಯಾವುದು ಹಾಕಲಿ?

ಮಲಪ್ರಭಾ_ದಂಡೆ:
ಎರಡಕ್ಕೂ ಕಾರಣ ನೀರೇ. ಒಣ ಹವೆಯಲ್ಲಿ ಹಾಳೆಯ ತೇವ ಹೋಗಿ ಬಿರುಸಾಗುತ್ತದೆ, ಮಳೆಗಾಲದಲ್ಲಿ ಗ್ಲಿಸರಿನ್ ನೀರು ಎಳೆಯುತ್ತದೆ. ಮಾಂಟ್‌ಮೊರಿಲೊನೈಟ್ ಜೇಡಿ ನೋಡಿ. ಅದರ ಪದರ ಸುಮಾರು 1 ನ್ಯಾನೋಮೀಟರ್ ದಪ್ಪ, ಬಿಡಿಬಿಡಿಯಾಗಿ ಹರಡಿದರೆ ಆವಿ ಸುತ್ತಿಬಳಸಿ ಹೋಗಬೇಕಾಗುತ್ತದೆ, ಹಾಗಾಗಿ ತೇವ ನಿಧಾನಕ್ಕೆ ದಾಟುತ್ತದೆ. ಜಾಸ್ತಿ ಹಾಕಿದರೆ ಗಂಟು ಕಟ್ಟುತ್ತದೆ. ಮೊದಲು ನೀರಲ್ಲಿ ಸೋನಿಕೇಟರ್‌ನಿಂದ (ಶಬ್ದದ ಅಲೆಯಿಂದ ಕಣ ಬಿಡಿಸುವ ಯಂತ್ರ) ಬಿಡಿಸಿಕೊಳ್ಳಿ. ಇನ್ನೊಂದು ನ್ಯಾನೋ ಕಣ ಜಿಂಕ್ ಆಕ್ಸೈಡ್ ಬ್ಯಾಕ್ಟೀರಿಯಾ ತಡೆಯುತ್ತದೆ, ನಿಜ, ಆದರೆ ಕಣ ತಿನಿಸಿಗೆ ಇಳಿಯುತ್ತದಾ ಅಂತ ಪರೀಕ್ಷೆ ಮಾಡಲೇಬೇಕು. ಒಣ ಮಣೂಕಕ್ಕೆ ಸುಮ್ನೆ ಯಾಕೆ ಅದು?

ಬೆಳಗಾವಿ_ಪ್ಯಾಕರ್:
ಪ್ರಾಜೆಕ್ಟಲ್ಲಿ ಈ ಹಾಳೆ ಮರುಬಳಕೆ ಆಗುತ್ತದೆ ಅಂತ ಬರೆಯುವ ಮುಂಚೆ ಯೋಚನೆ ಮಾಡಿ. ಬರೀ ಪಿಷ್ಟದ ತುಂಡುಗಳನ್ನು ಬಿಸಿನೀರಲ್ಲಿ ಕರಗಿಸಿ ಮತ್ತೆ ಹಾಳೆ ಮಾಡಲು ನೋಡಬಹುದು, ಆದರೆ ಮರುಬಳಕೆಯ ಪಾಲಿಥಿನ್ ರಾಶಿಗೆ ಸೇರಿದರೆ ಆ ಲಾಟ್ ಕೆಡುತ್ತದೆ. ಗೊಬ್ಬರವಾಗುವ ಪ್ಲಾಸ್ಟಿಕ್ ಅಂತ ಮಾರಲು ಐಎಸ್‌ಒ 17088 (ಅದಕ್ಕಿರುವ ಅಂತರರಾಷ್ಟ್ರೀಯ ಮಾನದಂಡ) ಪರೀಕ್ಷೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಎರಡೂ ಕೇಳುತ್ತಾರೆ.

ದ್ರಾಕ್ಷಿ_ಊರು:
ಧನ್ಯವಾದ ರೀ. ಮೊದಲು ಜೇಡಿ ಹಾಕಿ ನೋಡುತ್ತೇನೆ. ಸೋನಿಕೇಟರ್ ಪಕ್ಕದ ಲ್ಯಾಬಲ್ಲಿದೆ, ಕೊಡುತ್ತಾರೋ ಇಲ್ಲವೋ!