ಅಮ್ಮನ ಕಿವಿ ಸೋರುತ್ತಿದೆ, ಆಯುಷ್ಮಾನ್ ಕಾರ್ಡ್ ನಡೆಯುವ ಇಎನ್‌ಟಿ (ಕಿವಿ, ಮೂಗು, ಗಂಟಲು) ಡಾಕ್ಟರ್ ಎಲ್ಲಿ ಸಿಗುತ್ತಾರೆ?

ಹಳೆಯಂಗಡಿ ಹುಡುಗಿ: ಅಮ್ಮನ ಬಲಕಿವಿ ಸೋರಲು ಶುರುವಾಗಿ ಏಳೆಂಟು ತಿಂಗಳಾಯಿತು. ಮಳೆಗಾಲದ ನೆಗಡಿಯಿಂದ ಇರಬೇಕು ಅಂತ ಮೊದಲು ಸುಮ್ನೆ ಇದ್ದೆವು. ಈಗ ಕೀವು ವಾಸನೆ ಬರುತ್ತಿದೆ. ಆ ಕಡೆಯಿಂದ ಕರೆದರೆ ಕೇಳುವುದೇ ಇಲ್ಲ. ಮಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ತೋರಿಸಿದೆವು. ಕಿವಿ ತಮಟೆಯಲ್ಲಿ ತೂತು ಉಂಟು, ಆಪರೇಷನ್ ಬೇಕಾಗಬಹುದು ಅಂದರು. ಆಯುಷ್ಮಾನ್ ಕಾರ್ಡ್ ತೋರಿಸಿದರೆ ಇಲ್ಲಿ ಅದು ನಡೆಯುವುದಿಲ್ಲ ಅಂದುಬಿಟ್ಟರು. ಅಮ್ಮ ಬೀಡಿ ಕಟ್ಟುತ್ತಾರೆ. ನಾನು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತೇನೆ. ನಮ್ಮದು ಬಿಪಿಎಲ್ ರೇಷನ್ ಕಾರ್ಡ್. ಈ ಕಾರ್ಡ್ ತೆಗೆದುಕೊಳ್ಳುವ ಇಎನ್‌ಟಿ ಡಾಕ್ಟರ್ ಯಾರಾದರೂ ಗೊತ್ತಿದ್ದರೆ ಹೇಳಿ.

ಬಜ್ಪೆ ಸಿಸ್ಟರ್: ತಂಗಿ, ಈ ಕಾರ್ಡ್ ನಡೆಯುವುದು ಅಡ್ಮಿಟ್ ಆಗಿ ಮಾಡಿಸುವ ಚಿಕಿತ್ಸೆಗೆ, ಅದೂ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ. ಹೊರರೋಗಿಯಾಗಿ ಡಾಕ್ಟರಿಗೆ ತೋರಿಸುವ ಫೀಸಿಗೆ ನಡೆಯುವುದಿಲ್ಲ. ಕ್ಲಿನಿಕ್‌ನವರು ಹೇಳಿದ್ದು ಸುಳ್ಳಲ್ಲ, ಆದರೆ ಮುಂದೆ ಎಲ್ಲಿಗೆ ಹೋಗಬೇಕು ಅಂತಲೂ ಹೇಳಬೇಕಿತ್ತು.

ನಿಮ್ಮ ಮೊದಲ ಬಾಗಿಲು ವೆನ್‌ಲಾಕ್, ಮಂಗಳೂರಿನ ಸರ್ಕಾರಿ ಜಿಲ್ಲಾಸ್ಪತ್ರೆ. ಸ್ಟೇಟ್ ಬ್ಯಾಂಕ್ ಬಸ್ಸಿನಲ್ಲಿ ಬಂದರೆ ಹಂಪನಕಟ್ಟೆಯಿಂದ ನಡೆದು ಹೋಗುವಷ್ಟು ದೂರ. ಅಲ್ಲಿ ಇಎನ್‌ಟಿ ವಿಭಾಗ ಉಂಟು. ಬೆಳಿಗ್ಗೆ ಬೇಗ ಹೋಗಿ ಓಪಿಡಿ ಚೀಟಿ ಮಾಡಿಸಿ. ಆಪರೇಷನ್ ಅಲ್ಲೇ ಆಗುವುದಾದರೆ ಒಳ್ಳೆಯದೇ ಆಯಿತು. ಅಲ್ಲಿ ಆಗದಿದ್ದರೆ ರೆಫರಲ್ ಲೆಟರ್ ಕೊಡುತ್ತಾರೆ. ಅದು ಕೈಯಲ್ಲಿದ್ದರೆ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯಲ್ಲೂ ಕಾರ್ಡ್ ನಡೆಯುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಂಟು.

ಮಲ್ಪೆ ಅಣ್ಣ: ಸಿಸ್ಟರ್, ನೀವು ಹೇಳುವ ಲೆಟರೇ ನಮಗೆ ಮುಳುವಾದದ್ದು. ನಮ್ಮ ತಂದೆಗೆ ಮೂಗಿನ ಆಪರೇಷನ್ ಆಗಬೇಕಿತ್ತು. ಸೀದಾ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಡ್ಮಿಟ್ ಮಾಡಿದೆವು. ಆಮೇಲೆ ಕಾರ್ಡ್ ಕೊಟ್ಟರೆ, ಸರ್ಕಾರಿ ಆಸ್ಪತ್ರೆಯ ಲೆಟರ್ ಇಲ್ಲದೆ ಆಗುವುದಿಲ್ಲ ಅಂದರು. ಅಡ್ಮಿಟ್ ಮಾಡುವಾಗ ಒಬ್ಬರೂ ಹೇಳಲಿಲ್ಲ. ಬೋಟಿನ ಕೆಲಸದಲ್ಲಿ ಕೂಡಿಟ್ಟ ಹಣ ಎಲ್ಲ ಹೋಯಿತು. ಕಾರ್ಡ್ ಕೊಟ್ಟ ಮೇಲೆ ಬಡವನನ್ನು ಎರಡೆರಡು ಆಸ್ಪತ್ರೆಗೆ ಯಾಕೆ ಓಡಿಸಬೇಕು? ಒಂದು ದಿನ ಓಪಿಡಿಯಲ್ಲಿ ಕೂತರೆ ಆ ದಿನದ ಸಂಬಳ ಇಲ್ಲ. ನಾನು ಹೇಳುವುದಾದರೆ, ಸಾಲ ಮಾಡಿಯಾದರೂ ಬೇಗ ಮುಗಿಸಿ.

ಬಜ್ಪೆ ಸಿಸ್ಟರ್: ಅಣ್ಣ, ನಿಮಗಾದದ್ದು ಅನ್ಯಾಯವೇ. ಅಡ್ಮಿಟ್ ಮಾಡುವ ಮೊದಲೇ ಹೇಳುವುದು ಅವರ ಕೆಲಸವಾಗಿತ್ತು. ಆದರೆ ಸಾಲ ಮಾಡಿ ಅಂತ ದಯವಿಟ್ಟು ಹೇಳಬೇಡಿ. ಸಾಲ ತೀರಿಸುವುದು ಆ ಹುಡುಗಿ ಅಲ್ವಾ? ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಅಂತ ಒಂದು ಕೌಂಟರ್ ಇರುತ್ತದೆ. ಅಡ್ಮಿಟ್ ಆಗುವ ಮೊದಲು ಅಲ್ಲಿ ಕಾರ್ಡ್, ಆಧಾರ್, ಲೆಟರ್ ಮೂರನ್ನೂ ತೋರಿಸಿ ಕೇಳಬೇಕು. ಅವರು ಯೋಜನೆಯ ಟ್ರಸ್ಟಿನಿಂದ ಒಪ್ಪಿಗೆ ತರಿಸಿದ ಮೇಲೆಯೇ ಆಪರೇಷನ್. ತುರ್ತು ಚಿಕಿತ್ಸೆಗಳಿಗೆ ಮಾತ್ರ ಲೆಟರ್ ಬೇಡ.

ಕಾರ್ಕಳದ ಮೇಷ್ಟ್ರು: ನಾನು ಮಲ್ಪೆಯವರ ಪರವೂ ಅಲ್ಲ, ಸಿಸ್ಟರ್ ಹೇಳಿದ್ದೆಲ್ಲ ಸರಿ ಅಂತಲೂ ಅನ್ನುವುದಿಲ್ಲ. ಲೆಟರ್ ಪದ್ಧತಿಗೆ ಒಂದು ಕಾರಣ ಉಂಟು. ಅದು ಇಲ್ಲದಿದ್ದರೆ ಜನರೆಲ್ಲ ಸೀದಾ ಖಾಸಗಿ ಕಡೆ ಹೋಗುತ್ತಾರೆ, ಜಿಲ್ಲಾಸ್ಪತ್ರೆಯಲ್ಲಿ ಡಾಕ್ಟರ್ ಇದ್ದೂ ಕೆಲಸ ಇಲ್ಲದಂತಾಗುತ್ತದೆ. ಆದರೆ ಕಾರ್ಕಳ, ಕುಂದಾಪುರ, ಬೈಂದೂರು ಕಡೆಯವರು ಒಂದು ಚೀಟಿಗಾಗಿ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆವರೆಗೆ ಬರಬೇಕಾದರೆ ಬಸ್ಸಿನ ಖರ್ಚು, ಜೊತೆಗೆ ಬರುವವರ ಕೂಲಿ ಎಲ್ಲ ಲೆಕ್ಕ ಹಾಕಬೇಕು. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಎನ್‌ಟಿ ಡಾಕ್ಟರ್ ಇದ್ದಾರಾ, ಯಾವ ದಿನ ಸಿಗುತ್ತಾರೆ ಅಂತ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.

ನಾನು ಖಾಸಗಿ ಶಾಲೆಯಲ್ಲಿ ಇರುವವನು, ನನ್ನದು ಎಪಿಎಲ್. ನಮ್ಮಂಥವರಿಗೆ ಸರ್ಕಾರ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿ ಮಾಡಿದ ದರ) ಶೇ. 30 ಮಾತ್ರ ಕೊಡುತ್ತದೆ, ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಉಳಿದದ್ದು ನಮ್ಮ ಕೈಯಿಂದ. ಇದು ಗೊತ್ತಿಲ್ಲದೆ ಬಿಲ್ ಬಂದಾಗ ಜಗಳ ಮಾಡುವವರನ್ನು ನೋಡಿದ್ದೇನೆ. ಮಲ್ಪೆಯವರೇ, ನೀವು ಮೀನುಗಾರರ ಸಹಕಾರಿ ಸಂಘದಲ್ಲಿ ಇದ್ದರೆ, ಸಂಘದ ಸದಸ್ಯರಿಗೆ ಇರುವ ಯಶಸ್ವಿನಿ ಆರೋಗ್ಯ ಯೋಜನೆ ವಿಚಾರಿಸಿ. 2023ರಲ್ಲಿ ಮತ್ತೆ ಶುರುವಾಗಿದೆ. ಹಳ್ಳಿ ಕಡೆ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ಕಂತು ಇಟ್ಟಿದ್ದರು. ಯಾವಾಗ ಬೇಕಾದರೂ ಸೇರಲು ಆಗುವುದಿಲ್ಲ. ನೋಂದಣಿ ತೆರೆದಾಗಲೇ ಸೇರಬೇಕು.

ಕಾಪು ಲೈಟ್‌ಹೌಸ್: ಹಳೆಯಂಗಡಿಯವರೇ, ಒಂದು ಮಾತು ಕೇಳಲೇ? ಬಟ್ಟೆ ಅಂಗಡಿಯಲ್ಲಿ ನಿಮಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ ಆಗುತ್ತದಾ? ಸಂಬಳದ ಚೀಟಿ ನೋಡಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಶೇ. 0.75 ಹಿಡಿಯುತ್ತಾರೆ, ಮಾಲೀಕರು ಶೇ. 3.25 ಹಾಕುತ್ತಾರೆ. ಅಮ್ಮ ನಿಮ್ಮ ಆಸರೆಯಲ್ಲಿ ಇದ್ದರೆ ಅವರ ಹೆಸರನ್ನೂ ಸೇರಿಸಬಹುದು. ಆಗ ಶಿವಭಾಗಿನ ಇಎಸ್‌ಐ ಆಸ್ಪತ್ರೆಗೂ ಹೋಗಬಹುದು. ನಮ್ಮ ಅತ್ತಿಗೆಗೆ ಆರು ವರ್ಷ ಇಎಸ್‌ಐ ಕಟ್ ಆಗಿತ್ತು. ಮನೆಯವರ ಹೆಸರು ಸೇರಿಸಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹಳೆಯಂಗಡಿ ಹುಡುಗಿ: ಕಟ್ ಆಗುತ್ತದೆ! ಈಗ ನೋಡಿದೆ. ಅದು ಎಂತದು ಅಂತ ಇಷ್ಟು ದಿನ ಗೊತ್ತೇ ಇರಲಿಲ್ಲ.

ಮಲ್ಪೆ ಅಣ್ಣ: ನೋಡಿ, ಇದನ್ನೇ ನಾನು ಹೇಳುವುದು. ದುಡ್ಡು ಹಿಡಿಯುವಾಗ ಸರಿಯಾಗಿ ಹಿಡಿಯುತ್ತಾರೆ, ಇದರಿಂದ ಏನು ಸಿಗುತ್ತದೆ ಅಂತ ಹೇಳುವವರು ಯಾರೂ ಇಲ್ಲ.

ಬಜ್ಪೆ ಸಿಸ್ಟರ್: ಇದು ನಾನೂ ಒಪ್ಪುತ್ತೇನೆ ಅಣ್ಣ. ಆದರೆ ತಂಗಿ, ಇಎಸ್‌ಐಗೆ ಹೆಸರು ಸೇರಿಸುವುದು ಆಗುತ್ತಾ ಇರಲಿ, ಅದಕ್ಕಾಗಿ ಕಾಯಬೇಡಿ. ನನಗೆ ಭಯ ಇರುವುದು ಆ ವಾಸನೆಯ ಬಗ್ಗೆ. ಕಿವಿ ತುಂಬ ದಿನ ವಾಸನೆ ಬಂದು ಸೋರುತ್ತಿದ್ದರೆ, ಕೆಲವರಿಗೆ ತಮಟೆಯ ಹಿಂದೆ ಚರ್ಮ ಬೆಳೆದು ಸುತ್ತಲಿನ ಎಲುಬನ್ನೇ ತಿನ್ನುತ್ತಾ ಹೋಗುತ್ತದೆ. ಅಮ್ಮನಿಗೆ ಅದೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಡಾಕ್ಟರ್ ಕಿವಿ ಕ್ಲೀನ್ ಮಾಡಿ ಒಳಗೆ ನೋಡಿದರೆ ಮಾತ್ರ ಗೊತ್ತಾಗುವುದು. ತಲೆ ಸುತ್ತು, ಮುಖ ಒಂದು ಕಡೆ ವಾಲುವುದು, ಜ್ವರದ ಜೊತೆ ಜೋರು ತಲೆನೋವು, ಇದರಲ್ಲಿ ಒಂದು ಕಂಡರೂ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಿ.

ಕಿವಿಗೆ ತೆಂಗಿನೆಣ್ಣೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಎದೆಹಾಲು ಏನೂ ಬಿಡಬೇಡಿ. ಹೇರ್‌ಪಿನ್ ಹಾಕಿ ಕೆರೆಯಬಾರದು. ಸ್ನಾನ ಮಾಡುವಾಗ ಹತ್ತಿಗೆ ವ್ಯಾಸಲಿನ್ ಸವರಿ ಕಿವಿಗೆ ಇಡಿ, ನೀರು ಒಳಗೆ ಹೋಗಬಾರದು.

ಸುರತ್ಕಲ್ ಅಮ್ಮ: ಮಕ್ಕಳಿರುವವರಿಗೆ ಒಂದು ಮಾತು. ಮಗು ಸದ್ದಿಗೆ ತಿರುಗಿ ನೋಡುವುದಿಲ್ಲ ಅನಿಸಿದರೆ ದೊಡ್ಡದಾದ ಮೇಲೆ ಸರಿಯಾಗುತ್ತದೆ ಅಂತ ಬಿಡಬೇಡಿ. ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಸರ್ಕಾರದಿಂದಲೇ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಕೇಳುವ ಸಾಧನ) ಮಾಡಿಸುತ್ತಾರೆ, ಆದರೆ ಅದಕ್ಕೆ ವಯಸ್ಸಿನ ಮಿತಿ ಉಂಟು. ಆಶಾ ಕಾರ್ಯಕರ್ತೆಗೆ ಹೇಳಿದರೂ ಸಾಕು, ದಾರಿ ತೋರಿಸುತ್ತಾರೆ.

ಹಳೆಯಂಗಡಿ ಹುಡುಗಿ: ಇವತ್ತು ರಜೆ ಹಾಕಿ ಅಮ್ಮನನ್ನು ವೆನ್‌ಲಾಕಿಗೆ ಕರೆದುಕೊಂಡು ಹೋಗಿದ್ದೆ. ಎಂಟು ಗಂಟೆಗೇ ಸಾಲು ಇತ್ತು. ಕಿವಿ ಕ್ಲೀನ್ ಮಾಡಿ ಡ್ರಾಪ್ಸ್ ಕೊಟ್ಟಿದ್ದಾರೆ. ಕೇಳುವ ಪರೀಕ್ಷೆಯೂ ಆಯಿತು. ಎಲುಬು ತಿಂದಿದೆಯಾ ಅಂತ ತಿಳಿಯಲು ಸ್ಕ್ಯಾನ್ ಬರೆದಿದ್ದಾರೆ. ಅದು ನೋಡಿ ಅಲ್ಲೇ ಆಪರೇಷನ್ ಮಾಡುವುದಾ, ಬೇರೆ ಕಡೆ ಕಳಿಸುವುದಾ ಅಂತ ಹೇಳುತ್ತಾರಂತೆ. ಬಿಪಿಎಲ್ ಕಾರ್ಡಿನ ಜೆರಾಕ್ಸ್ ಕೇಳಿದರು, ನನ್ನ ಹತ್ತಿರ ಇರಲಿಲ್ಲ. ಹೋಗುವವರು ಎರಡು ಪ್ರತಿ ಇಟ್ಟುಕೊಳ್ಳಿ.

ಮಲ್ಪೆ ಅಣ್ಣ: ಒಳ್ಳೆಯದಾಗಲಿ ತಂಗಿ. ಲೆಟರ್ ಕೊಟ್ಟರೆ ಎಷ್ಟು ದಿನ ತಡವಾಯಿತು ಅಂತ ಇಲ್ಲಿ ಬರೆಯಿರಿ. ತಂದೆಯ ಮೂಗು ಮತ್ತೆ ಕಟ್ಟುತ್ತಿದೆ. ಈ ಸಲ ಅಜ್ಜರಕಾಡಿಗೇ ಹೋಗುತ್ತೇನೆ.