ಬಿ.ಎಸ್ಸಿ ಮಾಡಿದ ಕಾಲೇಜಿನ ಹೆಸರು ನೋಡಿ ಎಂ.ಎಸ್ಸಿ ನರ್ಸಿಂಗ್ ಸೀಟು ಕೊಡುತ್ತಾರಾ?

ಸೋಮವಾರಪೇಟೆ ಹುಡುಗಿ:
ಬೆಂಗಳೂರಿನ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ ಬಿ.ಎಸ್ಸಿ ನರ್ಸಿಂಗ್ ಮುಗಿಸಿದೆ, 63%. ಈಗ ಮಡಿಕೇರಿಯಲ್ಲಿ ಡ್ಯೂಟಿ. ಎಂ.ಎಸ್ಸಿಗೆ ಹಾಕಬೇಕು. ಕಾಲೇಜಿಗೆ ಹೆಸರಿಲ್ಲ ಅಂತ ಸೀಟು ತಪ್ಪುತ್ತಾ? ಅನುಭವ ಇದ್ದವರು ಹೇಳಿ.

ವಿರಾಜಪೇಟೆ ಸಿಸ್ಟರ್:
ನಮ್ಮದೂ ಬೋರ್ಡು ಮಾತ್ರ ದೊಡ್ಡದಿದ್ದ ಕಾಲೇಜು. ಆ ವರ್ಷದ ಕಾಳುಮೆಣಸು ಪೂರ್ತಿ ಮಾರಿ ಅಪ್ಪ 1,10,000 ಫೀಸು ಕಟ್ಟಿದರು. ಹಾಸ್ಟೆಲ್ ಬೇರೆ 60,000. ಯೂನಿಫಾರ್ಮ್, ಶೂ, ರೆಕಾರ್ಡ್ ಬುಕ್ಕಿಗೆ 9,500. ಪರೀಕ್ಷೆ ಹತ್ತಿರ ಬಂದಾಗೆಲ್ಲ ರಸೀದಿ ಇಲ್ಲದೆ 5,000. ನಮ್ಮ ಸುಗ್ಗಿ ಹಬ್ಬ ಪುತ್ತರಿಗೂ ರಜೆ ಕೊಡಲಿಲ್ಲ. ಕೊನೆಗೆ ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಬಿಡಿಸಿಕೊಳ್ಳಲು ‘ಬಾಕಿ’ ಅಂತ 18,000 ಕಿತ್ತರು! ಎಂ.ಎಸ್ಸಿಗೆ ಹೋದಾಗ ಕಾಲೇಜು ಯಾವುದು ಅಂತ ಯಾರೂ ಮೂಗು ಮುರಿಯಲಿಲ್ಲ. ನೋಡಿದ್ದು ಕಾಲೇಜಿಗೆ ಐಎನ್‌ಸಿ (ಭಾರತೀಯ ನರ್ಸಿಂಗ್ ಕೌನ್ಸಿಲ್) ಮಾನ್ಯತೆ, ಬಿ.ಎಸ್ಸಿಯಲ್ಲಿ 55%, ರಾಜ್ಯ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್, ಒಂದು ವರ್ಷದ ಅನುಭವ, ಎಂಟ್ರೆನ್ಸ್ ರ‍್ಯಾಂಕ್. ಅಷ್ಟೇ.

ಕಾಫಿ ಹೂ:
ಹೆಸರು ಲೆಕ್ಕಕ್ಕಿಲ್ಲ ಅಂತ ಸುಮ್ನೆ ಹೇಳಬೇಡಿ. ನಾನು ಮಂಗಳೂರಿನ ಒಳ್ಳೆ ಕಾಲೇಜಿನಲ್ಲಿ ಓದಿದೆ. ಮನೆಯವರು ಸಾಲ ಮಾಡಿದರು, ಇನ್ನೂ ತೀರಿಲ್ಲ. ಆದರೆ ಐಸಿಯುನಲ್ಲಿ ರಾತ್ರಿಯಿಡೀ ನಿಂತು ರೋಗಿಯ ಉಸಿರುನಾಳದ ಕಫ ಎಳೆಯೋ ಸಕ್ಷನ್ ಮಾಡೋದು, ರಕ್ತದ ಆಮ್ಲಜನಕ ತೋರಿಸೋ ಎಬಿಜಿ ರಿಪೋರ್ಟ್ ಓದೋದು ಕಲಿತೆ. ಎಂಟ್ರೆನ್ಸಲ್ಲಿ ಕೆಲಸಕ್ಕೆ ಬಂದದ್ದು ಅದೇ. ರೋಗಿಗಳ ವಿವರ ಬರೆಯೋ ಕೇಸ್ ಬುಕ್ಕನ್ನು ಸೀನಿಯರ್‌ಗಳದ್ದು ನೋಡಿ ಕಾಪಿ ಹೊಡೆದವರಿಗೆ ಆ ರ‍್ಯಾಂಕ್ ಎಲ್ಲಿಂದ ಬರಬೇಕು?

ವಿರಾಜಪೇಟೆ ಸಿಸ್ಟರ್:
ಕಾಪಿ ಹೊಡೆದದ್ದು ಯಾರು ಮೇಡಂ? ನಮ್ಮ ಕಾಲೇಜಿಗೆ ಸ್ವಂತ ಆಸ್ಪತ್ರೆ ಇರಲಿಲ್ಲ ನಿಜ. ಬೆಳಗಿನ ಜಾವ ಬಸ್ಸು ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗುತ್ತಿದ್ದೆವು. ನಾನು ನೋಡಿದಷ್ಟು ಹೆರಿಗೆ ನೀವು ನೋಡಿದ್ದೀರಾ?

ಗೋಣಿಕೊಪ್ಪ ಬ್ರದರ್:
ನೀವಿಬ್ಬರೂ ನಾಲ್ಕು ವರ್ಷದ ಬಿ.ಎಸ್ಸಿಯವರು, ಜಗಳ ಆಡೋಕೆ ಪುರುಸೊತ್ತಿದೆ. ನಾನು ಜಿಎನ್‌ಎಂ ಅಂದರೆ ನರ್ಸಿಂಗ್ ಡಿಪ್ಲೊಮಾ, ಆಮೇಲೆ ಅದರ ಮೇಲಿನ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನನಗೆ ಕೈಕೊಟ್ಟದ್ದು ಅನುಭವ ಪತ್ರ. ಕೆಲಸ ಮಾಡಿದ ಆಸ್ಪತ್ರೆಯವರು ಸೇರಿದ ತಾರೀಕು ಹಾಕಿದರು, ಬಿಟ್ಟ ತಾರೀಕು ಹಾಕಲಿಲ್ಲ. ಸೀಲು ಅರ್ಧ ಬಿದ್ದಿತ್ತು. ತಿದ್ದಿಸಿಕೊಂಡು ಬರುವಷ್ಟರಲ್ಲಿ ಆ ವರ್ಷದ ಸೀಟು ಹೋಯಿತು. ತಂಗಿ, ಕೈಯಲ್ಲಿ ಪತ್ರ ಹಿಡಿದು ಅಲ್ಲೇ ಓದಿ ನೋಡು.

ಕಾಫಿ ಹೂ:
ಪೋಸ್ಟ್ ಬೇಸಿಕ್‌ನವರಿಗೆ ಕೋರ್ಸಿಗೆ ಮುಂಚಿನ ಅನುಭವವೂ ನಡೆಯುತ್ತದೆ. ನಮಗೆ ಬಿ.ಎಸ್ಸಿ ಆದ ಮೇಲಿನದ್ದೇ ಬೇಕು. ಇದು ನ್ಯಾಯವಾ?

ಗೋಣಿಕೊಪ್ಪ ಬ್ರದರ್:
ಮೂರು ವರ್ಷ ಜಿಎನ್‌ಎಂ, ಎರಡು ವರ್ಷ ಪೋಸ್ಟ್ ಬೇಸಿಕ್. ನಿಮಗಿಂತ ಒಂದು ವರ್ಷ ಜಾಸ್ತಿ ಓದಿದ್ದೇನೆ ಅಕ್ಕ. ನ್ಯಾಯದ ಮಾತು ನನಗೆ ಹೇಳಬೇಡಿ.

ಸೋಮವಾರಪೇಟೆ ಹುಡುಗಿ:
ಅಣ್ಣ, ಏಮ್ಸ್‌ಗೂ 55% ಸಾಕಾ?

ಗೋಣಿಕೊಪ್ಪ ಬ್ರದರ್:
ಅಲ್ಲಿ ಜನರಲ್‌ನವರಿಗೆ 60% ಬೇಕು. ನಿನಗಿದೆಯಲ್ಲ, ಹಾಕು.